ಕಳ್ಳಗಾಳಿ

ಮೂರು ಜನ ನೋಡಿ ಕೈಬಿಟ್ಟ ಗಾಡಿ ಇದು.
ಅಂಕೋಲೆಯವನು ಪ್ಲಗ್ ಬದಲಿಸಿದ,
ಸದಾಶಿವಗಡದವನು ಕಾಯಿಲ್ ಹಾಕಿದ,
ಮಡಗಾಂವಿನವನು ಬಾನೆಟ್ ಎತ್ತದೆಯೇ
‘ಎಂಜಿನ್ ಇಳಿಸಬೇಕು’ ಅಂದನಂತೆ.
ಈಗ ಕೋಡಿಬಾಗದಲ್ಲಿ, ನನ್ನ ತಗಡಿನ ಕೆಳಗೆ,
ತೊಂಬತ್ತೊಂದರ ಮಾರುತಿ ಎಂಟುನೂರು,
ಚಕ್ರದ ಮೇಲ್ಗಡೆ ಉಪ್ಪುಗಾಳಿ ತಿಂದು
ಹಪ್ಪಳವಾದ ಮೈ.

ಮೊದಲು ಮುಟ್ಟುವುದಿಲ್ಲ ನಾನು, ಕೇಳುತ್ತೇನೆ.
ಹಟ ಬೆಳಿಗ್ಗೆ ಮಾತ್ರವೋ, ಬಿಸಿಯಾದ ಮೇಲೂ ಉಂಟೋ?
ಚೋಕ್ ಎಳೆದರೆ ಸುಮ್ಮನಾಗುತ್ತದೋ, ಇನ್ನಷ್ಟು ಮುನಿಯುತ್ತದೋ?
ನಿಂತಲ್ಲಿ ನಡುಗಿ, ಓಡುವಾಗ ಸರಿಯೋ?
ಎರ್ಮೆಲಿಂದ ಬಾಯಿ ಚುಟುಕಾಗಿ ಹೇಳಿದರು:
ಬೆಳಿಗ್ಗೆ. ಸುಮ್ಮನಾಗುತ್ತದೆ. ಹೌದು.
ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಟ್ರಂಕ್ ಕಾಲ್ ಜೋಡಿಸಿದವರು,
ಮೂರು ನಿಮಿಷದ ಬೆಲೆ ಗೊತ್ತು.

ಪ್ಲಗ್ ಬಿಚ್ಚಿದೆ. ಎರಡು ಕಾಫಿ ಬಣ್ಣ,
ಮೂರನೆಯದು ಸುಣ್ಣದ ಹಾಗೆ ಬೆಳ್ಳಗೆ.
ಪೆಟ್ರೋಲು ಸಾಲದೆ ಒಣಗಿದ ನಾಲಿಗೆ.
ಪಾಯಿಂಟ್ ನಡುವೆ ಗೇಜು ಇಳಿಸಿದೆ, ಸರಿ.
ಕಂಡೆನ್ಸರ್ ಸರಿ. ಜೆಟ್ ಊದಿದೆ, ಸ್ವಚ್ಛ.
ಐಡಲ್ ಸ್ಕ್ರೂ ಮಾತ್ರ ಯಾರೋ
ಒಂದೂವರೆ ಸುತ್ತು ಹೆಚ್ಚು ತಿರುಗಿಸಿದ್ದಾರೆ,
ಜ್ವರ ಬಂದವನಿಗೆ ಪೌಡರ್ ಬಳಿದು
ಹೆಣ್ಣು ನೋಡಲು ಕಳಿಸಿದ ಹಾಗೆ.

ಅದನ್ನು ಹಿಂದಕ್ಕೆ ತಂದು, ಸ್ಟಾರ್ಟ್ ಮಾಡಿ ಅಂದೆ.
ಹೂಂಕರಿಸಿತು, ಕೆಮ್ಮಿತು, ಸತ್ತಿತು.
ಐದನೇ ಸಲಕ್ಕೆ ಹಿಡಿಯಿತು, ಹಿಡಿದದ್ದು ಹೀಗೆ:
ಧಗ್ ಧಗ್ ಧ
ಧಗ್ ಧಗ್ ಧ
ಒಂದು ಮೆಟ್ಟಿಲು ಮುರಿದ ಏಣಿಯಲ್ಲಿ
ಕತ್ತಲಲ್ಲಿ ಇಳಿಯುವವನ ಕಾಲು.
ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಮಾತೆಯೂ ನಡುಗಿದಳು.

ಎಲ್ಲಿಂದಲೋ ಗಾಳಿ ಕದಿಯುತ್ತಿದೆ ಎಂಜಿನ್ನು.
ಕಾರ್ಬೊರೇಟರಿಗೆ ಲೆಕ್ಕ ಕೊಡದೆ
ಹಿತ್ತಿಲ ಬಾಗಿಲಿಂದ ನುಗ್ಗುವ ಗಾಳಿ.
ನನ್ನ ಉಸ್ತಾದ ಕಳ್ಳಗಾಳಿ ಅನ್ನುತ್ತಿದ್ದ.
ಹಿಡಿಯುವುದು ಸುಲಭ:
ಪೈಪಿನ ಒಂದು ತುದಿ ಕಿವಿಗೆ,
ಇನ್ನೊಂದು ತುದಿ ಮ್ಯಾನಿಫೋಲ್ಡಿನ ಅಂಚಿಗುಂಟ,
ಸುಂಯ್ ಎಂದರೆ ಅಲ್ಲೇ.

ಸುಂಯ್.
ಅದೇ ಈಗ ನನಗೆ ಕೇಳುವುದಿಲ್ಲ.
ಎರಡು ವರ್ಷವಾಯಿತು. ಗ್ರೈಂಡರು, ಸುತ್ತಿಗೆ,
ಬೈತಖೋಲದ ಟ್ರಾಲರುಗಳ ಹೊಟ್ಟೆಯಲ್ಲಿ ಕಳೆದ ಪ್ರಾಯ
ದಪ್ಪ ಸದ್ದುಗಳನ್ನು ಬಿಟ್ಟು
ಸಣ್ಣವನ್ನೆಲ್ಲ ಬಳಿದುಕೊಂಡು ಹೋಯಿತು:
ಹೆಂಡತಿಯ ಬಳೆ, ಕುಕ್ಕರಿನ ಮೊದಲ ಉಸಿರು, ಸೊಳ್ಳೆ.
ಸೊಳ್ಳೆ ಹೋದದ್ದಕ್ಕೆ ಬೇಸರವಿಲ್ಲ.
ಯಾರಿಗೂ ಹೇಳಿಲ್ಲ. ಕಿವಿ ಸತ್ತ ಮಿಸ್ತ್ರಿಯ ಹತ್ತಿರ
ಯಾರು ಗಾಡಿ ತರುತ್ತಾರೆ?

ಆದರೂ ಪೈಪು ಹಿಡಿದೆ. ಹುಬ್ಬು ಗಂಟಿಕ್ಕಿ
ಕೇಳಿದವನಂತೆ ನಿಂತೆ.
ಎರ್ಮೆಲಿಂದ ಬಾಯಿ ಕೆಳಗಿಳಿದು ಬಂದರು.
ನನ್ನ ಮುಖ ನೋಡಿದರು, ಪೈಪು ನೋಡಿದರು,
ಕೈ ಚಾಚಿದರು.
ಬಲಗಿವಿಯ ಮೇಲಿನ ಕೂದಲು ಸರಿಸಿ ಕಣ್ಣು ಮುಚ್ಚಿದರು.
‘ಇದು ಸಮುದ್ರ,’ ಅಂದರು.
ಒಂದಿಂಚು ಸರಿಸಿ, ‘ಇದು ಹೈವೇಯ ಲಾರಿ.’
ಮತ್ತೊಂದಿಂಚು.
‘ಹಾಂ. ಇಲ್ಲಿ ಯಾರೋ ಲೈನಿನಲ್ಲಿದ್ದಾರೆ.
ಮಾತಿಲ್ಲ, ಬರೀ ಉಸಿರು.’

ಬೆರಳಿಟ್ಟೆ. ಮೂರನೇ ಸಿಲಿಂಡರಿನ ಬುಡದಲ್ಲಿ,
ರಬ್ಬರ್ ನಳಿಗೆ ಬಾಗಿದಲ್ಲಿ, ಅದರ ಕೆಳಮೈಗೆ,
ಕಣ್ಣಿಗೆ ಬೀಳದ ಸೀಳು.
ಬೆರಳ ತುದಿಯನ್ನು ಎಳೆದುಕೊಂಡಿತು
ಎಳೆಗರು ಚೀಪುವ ಹಾಗೆ.
ಎಂಜಿನ್ ಥಟ್ಟನೆ ನಯವಾಯಿತು.
ಬೆರಳು ತೆಗೆದೆ, ನಡುಕ. ಇಟ್ಟೆ, ನಯ.
ಬೇಕೆಂದೇ ಇನ್ನೆರಡು ಸಲ ಮಾಡಿದೆ.

ನಳಿಗೆ ಅರವತ್ತು ರೂಪಾಯಿ, ಎರಡು ಕ್ಲಿಪ್ಪು.
ಮಜೂರಿ ಎಷ್ಟು, ಕೇಳಿದರು.
‘ಕಿವಿ ನಿಮ್ಮದಲ್ಲವೇ’ ಅನ್ನಬೇಕೆಂದಿದ್ದೆ,
‘ಇನ್ನೂರು’ ಅಂದೆ.
ನೂರು ಕೊಟ್ಟರು. ಚೌಕಾಶಿಗೆ ನನಗೆ ನಾಲಿಗೆ ಏಳಲಿಲ್ಲ.

ಒಂದೇ ಕೀಲಿಗೆ ಹೊತ್ತಿತು ಗಾಡಿ.
ಕಿಟಕಿಯಿಂದ ತಲೆ ಹಾಕಿ, ನನ್ನತ್ತ ಪೂರ್ತಿ ತಿರುಗಿ,
ದೂರದೂರಿನ ಲೈನಿಗೆ ಕೂಗುವಂತೆ
ಬಿಡಿಬಿಡಿಸಿ ಹೇಳಿದರು:
‘ಗುರುವಾರ ಮೀನುಪೇಟೆಗೆ ಬರುತ್ತೇನೆ.
ಸಣ್ಣ ಸದ್ದಿನ ಗಾಡಿಯಿದ್ದರೆ
ಆ ದಿನಕ್ಕೆ ಇಟ್ಟಿರಿ.’

ಪೈಪು ಈಗ ಮೊಳೆಗೆ ನೇತು ಹಾಕಿದ್ದೇನೆ.
ಬುಧವಾರ ಸಂಜೆ
ಕಿವಿಯ ಕಡೆಯ ತುದಿ ಒರೆಸಿಡುತ್ತೇನೆ.