ಎರಡನೇ ಕುರ್ಚಿ

ಮಂಡ್ಯದ ಗುತ್ತಲು ರಸ್ತೆ, ಚಲುವರಂಗನ ಸೆಲೂನು.
ಎಡಗೋಡೆಗೊಂದು ಸ್ಪೀಕರು, ಬಲಗೋಡೆಗೊಂದು.
ಮೊದಲ ಕುರ್ಚಿಗೆ ಓಲಗ,
ಎರಡನೆಯದಕ್ಕೆ ಡೋಲು.
ಕ್ಯಾಸೆಟ್ಟಿನೊಳಗೆ ಅವನಪ್ಪ, ಚಿಕ್ಕಪ್ಪ
ಯಾರದೋ ಧಾರೆಯ ಹೊತ್ತಲ್ಲಿ ನಿಂತಂತೆಯೇ ನಿಂತಿದ್ದರು.

ನಾನು ಡೋಲಿನ ಕಡೆಯವನು.
ಮೊದಲ ಕುರ್ಚಿ ಖಾಲಿಯಿದ್ದರೂ
ನಿನ್ನೆಯ ಪೇಪರು ಹಿಡಿದು ಕಾಯುತ್ತಿದ್ದೆ;
ದವಡೆಯ ಮೂಳೆಗೆ ಪೆಟ್ಟು ಬೀಳಬೇಕು,
ಕತ್ತಿ ಅದರ ಲಯಕ್ಕೆ ಇಳಿಯಬೇಕು.

ದಸರೆ ಕಳೆದ ಮೇಲೆ ಐದು ಡಬ್ಬ ಬಂದವು,
ನೆಲಕ್ಕೊಂದು ಗುಮ್ಮೆನ್ನುವ ಪೆಟ್ಟಿಗೆ.
ಪೆನ್‌ಡ್ರೈವಿಗೆ ಇಳಿಸಿದ ಅದೇ ಓಲಗ.
"ಈಗ ಎಲ್ ಕುಂತ್ರೂ ಒಂದೇಯ, ಸಾ," ಅಂದ.
ನಿಜ. ಚಪ್ಪರದ ನಟ್ಟನಡುವೆ ಕೂತಂತೆ,
ಹೆಗಲಿಗೆ ಶ್ರುತಿ, ನೆತ್ತಿಗೆ ತಾಳ.
ಸುಖವಾಗಿತ್ತು, ಸುಳ್ಳು ಹೇಳಲಾರೆ.
ಡೋಲು ಮಾತ್ರ ಯಾರ ಪಾಲಿಗೂ ಇರಲಿಲ್ಲ.

ಆಗ ಬೆನ್ನ ಹಿಂದೆ
ಯಾರೋ ಕೆಮ್ಮಿದರು, ತೀರಾ ಹತ್ತಿರ.
ತಿರುಗಿದೆ. ಕಿವಿಯ ಕೆಳಗೆ ಚುರ್ರೆಂದಿತು.
ಕತ್ತಿ ಎತ್ತಿ ಹಿಡಿದ ಚಲುವರಂಗನೂ
ಟವಲು ಒಣಹಾಕಿದ ಮೂಲೆಯತ್ತ ನೋಡುತ್ತಿದ್ದ.
"ಅಪ್ಪಂದು," ಅಂದ. "ಊದೋಕ್ ಮುಂಚೆ ಕೆಮ್ಮೋನು.
ಇಷ್ಟ್ ವರ್ಸ ಕೇಳ್ಸಿರ್ನಿಲ್ಲ."

ಪಟಿಕ ಒತ್ತಿದ, ಉರಿಯಿತು.
ಮತ್ತೆ ಮೊದಲಿಂದ ಹಾಕಿದ.
ಅರ್ಧ ಗಡ್ಡದಲ್ಲಿ ನಾನು, ಕತ್ತಿ ಮಡಿಸಿ ಅವನು,
ಕೆಮ್ಮಿಗಾಗಿ ಕಾದೆವು.