ಮಂಚದಡಿಯ ಕಪ್ಪೆ

ಅಬು ಹಲೀಫಾದ ಐದನೇ ಮಹಡಿ, ನಮ್ಮ ಫ್ಲಾಟಿನಲ್ಲಿ
ಎರಡು ಪಾತ್ರೆ ಉಸಿರಾಡುತ್ತವೆ.
ಒಂದರಲ್ಲಿ ವಾರಿಜಳ ಇಡ್ಲಿ ಹಿಟ್ಟು.
ಇನ್ನೊಂದು ನನ್ನದು, ಇಪ್ಪತ್ತು ಲೀಟರಿನ ನೀರಿನ ಕ್ಯಾನು,
ಹಳೆ ಬೆಡ್‌ಶೀಟು ಹೊದ್ದು
ಮಗಳ ಮಂಚದಡಿ ಕೂತದ್ದು.

ಅಲ್ಲೇ ಯಾಕೆಂದರೆ
ಹೊರಗೆ ನಲವತ್ತೊಂಬತ್ತು ಡಿಗ್ರಿ,
ಹಗಲಿರುಳೂ ಎಸಿ ಓಡುವುದು ಆ ಕೋಣೆಯಲ್ಲಿ ಮಾತ್ರ.
ಯೀಸ್ಟೂ ಕೂಸಿನ ಹಾಗೇ,
ಸೆಕೆಯಾದರೆ ರಚ್ಚೆ ಹಿಡಿಯುತ್ತದೆ.

"ಎರಡೂ ಹುಳಿ ಬರುವುದೇ," ಅನ್ನುತ್ತಾಳೆ ವಾರಿಜ,
ನೈಟ್ ಡ್ಯೂಟಿಗೆ ಬಿಳಿ ಶೂ ಕಟ್ಟುತ್ತಾ,
"ಒಂದಕ್ಕೆ ಚಟ್ನಿ, ಒಂದಕ್ಕೆ ಪೊಲೀಸು."

ಅವಳು ಹೋದ ಮೇಲೆ ಮನೆ ನನ್ನ ಕೈಗೆ.
ಸುಧನ್ವನ ಏಳರ ಮಗ್ಗಿ, ಕುಕ್ಕರಿನ ನಾಲ್ಕನೇ ಸೀಟಿ.
ಬಾಟಲಿ ತೊಳೆಯುವ ಬ್ರಶ್ಶು ಇರುವುದು ಒಂದೇ:
ಮೊದಲು ಮಿಥಿಲಾಳ ಹಾಲಿನದು, ಆಮೇಲೆ ನನ್ನದು.
ಈ ಕ್ರಮ ತಪ್ಪಿದ ಸಲ
ಮೂರು ದಿನ ಮಾತಿರಲಿಲ್ಲ ಮನೆಯಲ್ಲಿ.

ಲೈಟು ಆರಿಸಿದರೆ ಮಂಚದಡಿಯಿಂದ
ಬುಳುಕ್.
ತುಸು ಹೊತ್ತು ಬಿಟ್ಟು ಮತ್ತೆ, ಬುಳುಕ್.
"ಅಪ್ಪಾ, ಕಪ್ಪೆ ಇನ್ನೂ ಮಲಗಿಲ್ಲ."
ಎಣಿಸು ಅನ್ನುತ್ತೇನೆ.
ಹನ್ನೊಂದಾದ ಮೇಲೆ ಮತ್ತೆ ಏಳಕ್ಕೆ ಬಂದು
ನಿದ್ದೆ ಹೋಗುತ್ತಾಳೆ.

ಬಾಟಲಿಗೆ ತುಂಬಬೇಕಾದ ಶುಕ್ರವಾರ ಸುಧನ್ವನಿಗೆ ಜ್ವರ.
ಮುಂದಿನ ಶುಕ್ರವಾರ ರಿಫೈನರಿಯಲ್ಲಿ ಓವರ್‌ಟೈಮು.
ಕೊನೆಗೊಂದು ರಾತ್ರಿ ಕೂತೆ. ಸಕ್ಕರೆ
ಒಂದು ಸಲ ಹಾಕಿದೆನೋ, ಎರಡು ಸಲವೋ,
ನಡುವೆ ಬಚ್ಚಲಿನಿಂದ
"ಅಪ್ಪಾ, ಆಯ್ತು, ತೊಳಿ ಬಾ" ಎಂಬ ಕರೆ ಬಂದಿತ್ತು.

ಬೆಳಗಿನ ಜಾವ ಮೂರಕ್ಕೆ, ಢಂ.
ಅಡುಗೆಮನೆ ತುಂಬ ಗಾಜು, ನೊರೆ, ವಾಸನೆ.
ಪುಣ್ಯಕ್ಕೆ ವಾರಿಜಳಿಗೆ ಅಂದು ರಜೆ.
ನಾಲ್ವರೂ ಉಸಿರು ಹಿಡಿದು ನಿಂತಿರುವಾಗ
ಬಾಗಿಲು ತಟ್ಟಿದರು.

ಎದುರು ಫ್ಲಾಟಿನ ಅಬು ರಾಮಿ, ಬನಿಯನ್ನಿನಲ್ಲಿ:
"ಸಿಲಿಂಡರಾ? ಮಕ್ಕಳು?"
ವಾರಿಜ ಹಿಟ್ಟಿನ ಪಾತ್ರೆ ಎತ್ತಿ ತೋರಿಸಿದಳು.
ಅಂಚಿನಿಂದ ನಿಜಕ್ಕೂ ಇಳಿಯುತ್ತಿತ್ತು.
"ಹಿಟ್ಟು. ಉಕ್ಕಿತು."
ಆತ ಪಾತ್ರೆ ನೋಡಿದ, ನನ್ನ ಒದ್ದೆ ಕಾಲು ನೋಡಿದ,
ಮೂಗು ಒಮ್ಮೆ ಅರಳಿತು.
"ಅಲ್‌ಹಮ್ದುಲಿಲ್ಲಾಹ್, ಮಕ್ಕಳು ಕ್ಷೇಮ," ಎಂದು
ಚಪ್ಪಲಿ ಎಳೆಯುತ್ತ ಹೋದ.
ಬೆಳಗಾದ ಮೇಲೆ ಹನ್ನೆರಡು ಇಡ್ಲಿ ಆ ಮನೆಗೆ ಹೋದವು.

ಉಳಿದ ಬಾಟಲಿಗಳು ಬಾತ್‌ಟಬ್ಬಿನಲ್ಲಿ, ಒದ್ದೆ ಟವೆಲಿನಡಿ.
ಎರಡು ದಿನ ಸ್ನಾನವಿಲ್ಲ, ಮಕ್ಕಳಿಗೆ ಹಬ್ಬ.
ಅವರು ಮಲಗಿದ ಮೇಲೆ ಒಂದನ್ನು
ಮೆಲ್ಲಗೆ ತೆರೆದು ಸ್ಟೀಲಿನ ಲೋಟಗಳಿಗೆ ಬಗ್ಗಿಸಿದೆ.
ವಾರಿಜ ಒಂದು ಗುಟುಕು ಕುಡಿದು ಮುಖ ಸೊಟ್ಟ ಮಾಡಿ
"ಇದಕ್ಕಾ?" ಎಂದಳು.

ಲೋಟ ಮಾತ್ರ ಕೆಳಗಿಡಲಿಲ್ಲ.