ವಾರಸಾ

ಸರ್ವೆ ನಂಬರು ಇನ್ನೂರಾ ಹದಿನಾರು, ಹಿಸ್ಸಾ ನಾಲ್ಕು.
ಹೆದ್ದಾರಿಗೆ ಹೋಗುವ ಜಾಗ ಹನ್ನೊಂದು ಗುಂಟೆ,
ಎರಡು ಗೇರುಮರ, ಒಂದು ಪಾಳುಬಾವಿ,
ಒಂದು ‘ಕಟ್ಟಡ, ಸ್ವರೂಪ ತಿಳಿಯದು’.
ಹಾಗೆ ಬರೆದವಳು ನಾನೇ,
ಸದಾಶಿವಗಡದ ಬುಡದಲ್ಲಿ, ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು.
ಮುಂದಿನ ಕಾಲಂ: ವಾರಸುದಾರರು.

ಚೈನು ಹಿಡಿಯುವ ಬೊಮ್ಮಯ್ಯ ಗುನಗ ಬಳ್ಳಿ ಸವರಿದ.
ಕತ್ತಿಯ ಬಾಯಿಗೆ ಕಲ್ಲು ಸಿಕ್ಕಿ ಕಿಡಿ ಹಾರಿತು.
ಮೊದಲು ಒಂದು ಕೆನ್ನೆ ಕಂಡಿತು, ದುಂಡಗೆ.
ಆಮೇಲೆ ಹಗ್ಗ ಹೊಸೆದಂತೆ ತಿರುಚಿದ ಕಂಬ,
ಕಲ್ಲಿನ ಪರದೆ, ಗಾಳಿಯಿಲ್ಲದೆ ಹಾರುತ್ತಿರುವುದು,
ಒಂದು ತಲೆಬುರುಡೆ (ಅದೂ ಕಲ್ಲಿನದೇ, ಬೊಮ್ಮಯ್ಯ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದ),
ಮತ್ತೆ ಅಕ್ಷರ.

ಪಾದ್ರಿ ಎವಾರಿಸ್ಟ್ ಟಾರ್ಚು ಓರೆ ಹಿಡಿದು ಓದಿದರು.
ಲ್ಯಾಟಿನ್ ಬಿಟ್ಟು ನಲವತ್ತು ವರ್ಷ ಆಯಿತು ಎಂದರು,
ಆದರೂ ಮಗ ಅನ್ನುವ ಶಬ್ದ ಮರೆಯುವುದುಂಟೇ.
ಪೋಲೆಂಡಿನ ದೊರೆಯ,
ಇಲ್ಲಿ ಗೆರಸಿಯಗಲ ಚಕ್ಕೆ ಎದ್ದುಹೋಗಿದೆ,
ಮಗ. ತನ್ನ ನೆಲದಿಂದ ದೂರ. ಜ್ವರ. ಇಪ್ಪತ್ತಮೂರು.
ತಂದೆಯ ಬಿರುದು ನಾಲ್ಕು ಸಾಲು.
ಮಗನ ಹೆಸರು ಇರಬೇಕಾದಲ್ಲಿ ಬಸವನಹುಳದ ಬೆಳ್ಳಿ ಜಾಡು.
ತಾಯಿ? ಅಂದೆ.
ತಾಯಿಯ ಸುದ್ದಿ ಕಲ್ಲಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ನನ್ನ ಭಾನುವಾರಗಳೆಲ್ಲ ಅವನವೇ.
ಎರಡನೆಯ ಶನಿವಾರವೂ.
ಮೊದಲ ಬಸ್ಸಿಗೆ ಪಣಜಿ, ಹುಳ ತಿಂದ ಹಡಗಿನ ಪಟ್ಟಿ,
ಭಾಷೆ ಬರದೆ ಅಂಕಿಗಳನ್ನಷ್ಟೇ ಓದುತ್ತ,
ಬೇಸತ್ತ ಗುಮಾಸ್ತ ಒಂದು ಸಾಲು ಬಿಡಿಸಿ ಹೇಳಿದ:
ಕಾಳಿ ನದಿಯ ಬಾಯಲ್ಲಿ ಇಳಿಸಿದ್ದು
ಖಾಲಿ ಪೀಪಾಯಿ ಮೂವತ್ತು, ರೋಗಿ ಒಬ್ಬ.
ಬಾಡಿಗೆ ಬಾಕಿ.

ವಾರ್ಸಾಕ್ಕೆ ಬರೆದೆ. ಏಳು ತಿಂಗಳಿಗೆ ಉತ್ತರ ಬಂತು,
ಕಾಗದ ಎಷ್ಟು ಬಿಳುಪು ಅಂದರೆ ಮುಟ್ಟುವ ಮೊದಲು ಕೈ ತೊಳೆದೆ.
ತಾವು ಕೇಳಿದ ದೊರೆಗೆ ಗಂಡುಮಕ್ಕಳು ಇಬ್ಬರು,
ಇಬ್ಬರೂ ಇಲ್ಲಿಯೇ ಮಲಗಿದ್ದಾರೆ.
ಮೂರನೆಯವನು ನಮ್ಮ ದಾಖಲೆಯಲ್ಲಿ ಇಲ್ಲ.
ಟಪಾಲಿನ ಹುಡುಗ ಲಕೋಟೆ ನೋಡಿ, ವಾರ್ಸಾ ಅಂದರೆ ವಾರಸಾ ಎಂದುಕೊಂಡು
ಖಾತೆ ಬದಲಾವಣೆಯ ಕಟ್ಟಿಗೆ ಸೇರಿಸಿ ದಾರ ಬಿಗಿದ,
ಮಾಜಾಳಿಯ ಅಣ್ಣತಮ್ಮಂದಿರ ಗೇರುಹಿತ್ತಿಲ ತಕರಾರಿನ ಕೆಳಗೆ.
ನಾನು ತೆಗೆಯಲಿಲ್ಲ.
ಇರಲಿ, ಅಲ್ಲಿಯಾದರೂ ನಾಲ್ಕು ಜನ ಜಗಳಾಡುತ್ತಾರೆ.

ಕೊನೆಯ ಅಳತೆಗೆ ಹೋದಾಗ ಶೇವಂತಿ ತಾಂಡೇಲ ಕೂತಿದ್ದಳು.
ಬದಿಗೆ ತಿಸರೆಯ ಬುಟ್ಟಿ, ಕೈಯಲ್ಲಿ ಬಟ್ಟಲು ಎಣ್ಣೆ.
ಮೊಲೆಹಾಲು ಬತ್ತಿದವರು ಬರುತ್ತಾರೆ, ಅಂದಳು,
ನನ್ನ ಸೊಸೆಗಾಗಿ ನಾನು ಬಂದೆ.
ರಾಜನ ಮಗ ಅಂತೆ ಇವ, ಅಂದೆ.
ಯಾರು, ಒಳಗಿನವನೋ? ಆಗಿರಬಹುದು,
ಎನ್ನುತ್ತ ಮೇಲಿನ ರೆಕ್ಕೆಯ ಮಗುವಿನ ಬೆನ್ನು ತಿಕ್ಕಿದಳು.

ಎಣ್ಣೆ ಇಳಿದಂತೆ ಗೆರೆ ಎದ್ದಿತು.
ಸೊಂಟದಲ್ಲಿ ಉಡಿದಾರ.
ಉಡಿದಾರದಲ್ಲಿ ಒಂದು ಮಣಿ.
ಚುಚ್ಚಿದ ಕಿವಿ.
ರೆಕ್ಕೆಯೂ ದೇವದೂತರದಲ್ಲ, ಬಂದರಿನ ಗರುಡನದು,
ತುದಿಗರಿಗಳು ಬೆರಳಿನಂತೆ ಅಗಲ,
ಮೀನಿಗೆ ಎರಗುವ ಮೊದಲು ಬಿಚ್ಚುತ್ತದಲ್ಲ, ಹಾಗೆ.

ಯಾರೋ ಕೈಸನ್ನೆಯಲ್ಲಿ ಹೇಳಿರಬೇಕು ಅವನಿಗೆ:
ಮಗು. ಬೆತ್ತಲೆ. ಹಾರುವುದು.
ಅವನು ಮನೆಗೆ ಹೋಗಿ
ಚಾಪೆಯ ಮೇಲೆ ಬಾಯ್ತೆರೆದು ನಿದ್ರಿಸುತ್ತಿದ್ದುದನ್ನು
ದೀಪ ಹಿಡಿದು ನೋಡಿಕೊಂಡು ಬಂದ.
ಉಡಿದಾರ ಬಿಚ್ಚಲು ಮನಸ್ಸಾಗಲಿಲ್ಲ.

ನಮೂನೆ ತೆರೆದೆ.
ಬರೆಯುವ ಮೊದಲೇ ಹೆಬ್ಬೆರಳಿನ ಎಣ್ಣೆ ಕಾಲಮ್ಮಿನಲ್ಲಿ ಹಬ್ಬಿತು,
ಕಾಗದದ ಹಿಂದಿನ ಗಿಡ ಕಾಣುವಷ್ಟು.
ಹಾಗೇ ಕಳಿಸಿದೆ.

ಮೇಲಿನ ಕಚೇರಿಯಿಂದ ಮೊನ್ನೆ ವಾಪಸು ಬಂತು, ಕೆಂಪು ಶಾಯಿಯಲ್ಲಿ:
ಕಾಲಂ ಖಾಲಿ ಇರುವುದಿಲ್ಲ.
ಓದಲು ಬರುವುದಿಲ್ಲ.
ಸ್ಪಷ್ಟಪಡಿಸಿ.